ಕತ್ತಿನಲ್ಲಿ ಹುಟ್ಟಿ ತಲೆಯಲ್ಲಿ ತೋರುವ ನೋವು

ತಲೆನೋವುಗಳೆಲ್ಲವೂ ತಲೆಯಲ್ಲಿಯೇ ಹುಟ್ಟುವುದಿಲ್ಲ. ಕೆಲವು ಕತ್ತಿನಲ್ಲಿ ಹುಟ್ಟಿ, ಹೆಡತಲೆಯನ್ನೇರಿ, ಹಣೆಯಲ್ಲಿಯೋ ಕಣ್ಣಿನ ಹಿಂದೆಯೋ ನೆಲೆಸುತ್ತವೆ. ನೋವು ತೋರಿದ ಸ್ಥಳಕ್ಕೆ ಮಾತ್ರ ಉಪಚಾರ ಮಾಡುತ್ತ ಅದು ಹುಟ್ಟಿದ ಸ್ಥಳವನ್ನು ಮರೆತರೆ ರೋಗಿ ವರ್ಷಗಟ್ಟಲೆ ಮಾತ್ರೆಗಳ ಆಸರೆಯಲ್ಲಿಯೇ ಬದುಕಬೇಕಾಗುತ್ತದೆ. ದಿನದ ಬಹುಭಾಗ ಬಗ್ಗಿ ಬರೆಯುವ, ಕೈಯೆತ್ತಿ ಬರೆಯುವ, ಮತ್ತೆ ಬಗ್ಗಿ ತಿದ್ದುವ ಶಿಕ್ಷಕವೃತ್ತಿಯವರು ಈ ನೋವಿನ ಸ್ವರೂಪವನ್ನೂ ಅದಕ್ಕಿರುವ ಭೌತಚಿಕಿತ್ಸೆಯ ಕ್ರಮವನ್ನೂ ಅರಿತಿರುವುದು ಉಚಿತ.

ಒಬ್ಬ ಶಿಕ್ಷಕಿಯನ್ನು ಭಾವಿಸಿಕೊಳ್ಳೋಣ. ವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮನೆಗೆ ಬಂದಿದೆ. ಎರಡು ದಿನ ತಿದ್ದುವ ಕೆಲಸ ಸಾಗುತ್ತದೆ. ಮೂರನೆಯ ದಿನ ಸಂಜೆ ಬಲಗಡೆಯ ಹೆಡಕಿನಲ್ಲಿ ಬಿಗಿತ. ರಾತ್ರಿಯ ಹೊತ್ತಿಗೆ ಅದೇ ಬಲಗಡೆಯ ಹುಬ್ಬಿನ ಮೇಲೆ ನೋವು. ಇದು ಮೊದಲ ಸಲವೇನಲ್ಲ. ಹಿಂದೊಮ್ಮೆ ಕಣ್ಣಿನ ದೋಷವೆಂದು ಕನ್ನಡಕ ಬದಲಾಯಿಸಿದ್ದಾಗಿದೆ. ಸೈನಸ್ ಎಂದು ಹಬೆ ತೆಗೆದುಕೊಂಡದ್ದಾಗಿದೆ. ಪಿತ್ತವೆಂದು ಮನೆಯ ಹಿರಿಯರು ಹೇಳಿದ ಕಷಾಯವನ್ನೂ ಕುಡಿದದ್ದಾಗಿದೆ. ಮಾತ್ರೆ ನುಂಗಿದ ದಿನ ಇಳಿದ ನೋವು ವಾರ ಕಳೆಯುವುದರೊಳಗೆ ಅದೇ ಜಾಗಕ್ಕೆ ಮರಳುತ್ತದೆ. ಕರಿಹಲಗೆಯ ಕಡೆಯಿಂದ ಬಲಕ್ಕೆ ಹೊರಳಿ ಮಕ್ಕಳನ್ನು ನೋಡುವಾಗ ಈ ಶಿಕ್ಷಕಿ ಕತ್ತನ್ನಲ್ಲ, ಇಡೀ ಮೈಯನ್ನೇ ತಿರುಗಿಸುತ್ತಾರೆ. ಅದನ್ನು ಯಾರೂ ಗಮನಿಸಿರುವುದಿಲ್ಲ. ಸ್ವತಃ ಅವರೂ ಗಮನಿಸಿರುವುದಿಲ್ಲ. ರೋಗದ ಮುಖ್ಯ ಸುಳಿವು ಅಲ್ಲಿದೆ.

ಕತ್ತಿನ ನೋವು ಹಣೆಯಲ್ಲಿ ತೋರುವುದೇಕೆ ಎಂಬುದನ್ನು ತಿಳಿಯಲು ಸ್ವಲ್ಪ ಶರೀರರಚನೆಯ ಪರಿಚಯ ಬೇಕು. ಮನುಷ್ಯನ ಕತ್ತಿನಲ್ಲಿ ಏಳು ಮೂಳೆಮಣಿಗಳಿವೆ. ತಲೆಬುರುಡೆಯನ್ನು ನೇರವಾಗಿ ಹೊತ್ತಿರುವ ಮೊದಲನೆಯದಕ್ಕೆ ಅಟ್ಲಸ್ ಎಂದು ಹೆಸರು; ಗ್ರೀಕರ ಪುರಾಣದಲ್ಲಿ ಆಕಾಶವನ್ನು ಹೊತ್ತವನ ಹೆಸರಿದು. ಎರಡನೆಯದು ಆಕ್ಸಿಸ್, ಅಂದರೆ ಅಚ್ಚು. ಇದರಿಂದ ಮೇಲೆದ್ದ ಗೂಟದಂತಹ ಭಾಗದ ಸುತ್ತ ಅಟ್ಲಸ್ ತಿರುಗುತ್ತದೆ. ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧಭಾಗ ಈ ಒಂದು ಕೀಲಿನಲ್ಲಿಯೇ ನಡೆಯುತ್ತದೆ. ಅದರ ಕೆಳಗೆ ಎರಡನೆಯ ಮತ್ತು ಮೂರನೆಯ ಮಣಿಗಳ ನಡುವಿನ ಕೀಲುಗಳಿವೆ. ಕತ್ತಿನಿಂದ ಹುಟ್ಟುವ ತಲೆನೋವಿನ ಮೂಲವನ್ನು ಹುಡುಕಿದಾಗ ಹೆಚ್ಚಾಗಿ ಸಿಕ್ಕಿಬೀಳುವುದು ಈ ಮೇಲಿನ ಮೂರು ಮಣಿಗಳ ಕೀಲುಗಳು ಮತ್ತು ಅವುಗಳನ್ನು ಆವರಿಸಿದ ಸ್ನಾಯುಗಳು.

ಈ ಭಾಗದ ಸಂವೇದನೆಯನ್ನು ಹೊತ್ತೊಯ್ಯುವವು ಕತ್ತಿನ ಮೊದಲ ಮೂರು ನರಗಳು. ಹಣೆ, ಕಣ್ಣು, ಕೆನ್ನೆಗಳ ಸಂವೇದನೆಯನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ಐದನೆಯ ಕಪಾಲನರ. ಹೊರಗೆ ಇವೆರಡರ ದಾರಿ ಬೇರೆ ಬೇರೆ. ಆದರೆ ಬೆನ್ನುಹುರಿಯ ಮೇಲ್ತುದಿಯಲ್ಲಿ ಇವೆರಡೂ ಒಂದೇ ನರಕೋಶಗಳ ಗುಂಪಿಗೆ ಬಂದು ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಮಿದುಳಿಗೆ ಹೋಗುವ ವರದಿಯಲ್ಲಿ ಮೂಲ ಯಾವುದೆಂಬುದು ಸ್ಪಷ್ಟವಾಗಿರುವುದಿಲ್ಲ. ತರಗತಿಯ ಅನುಭವದಿಂದಲೇ ಇದನ್ನು ವಿವರಿಸಬಹುದು. ಶಿಕ್ಷಕರು ಹಲಗೆಯ ಕಡೆ ಮುಖ ಮಾಡಿದ್ದಾಗ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ. ಆ ಬೆಂಚಿನಲ್ಲಿ ಇಬ್ಬರಿದ್ದಾರೆ. ಒಬ್ಬ ಸದಾ ಮಾತಾಡುವವನು, ಇನ್ನೊಬ್ಬ ಮೌನಿ. ತಿರುಗಿ ನೋಡದೆಯೇ ಶಿಕ್ಷಕರು ಮಾತುಗಾರನ ಹೆಸರನ್ನು ಕೂಗುತ್ತಾರೆ. ಮಿದುಳು ಮಾಡುವ ತಪ್ಪೂ ಇದೇ. ಮುಖದಿಂದ ಅದಕ್ಕೆ ಸದಾ ಸುದ್ದಿ ಬರುತ್ತಿರುತ್ತದೆ, ಕತ್ತಿನ ಆಳದ ಕೀಲಿನಿಂದ ಅಪರೂಪ. ಆದುದರಿಂದ ಕೀಲಿನ ದೂರನ್ನು ಅದು ಹಣೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ.

ಇಂತಹ ತಲೆನೋವಿಗೆ ‘ಸರ್ವಿಕೋಜೆನಿಕ್’, ಎಂದರೆ ಕತ್ತಿನಿಂದ ಹುಟ್ಟಿದ್ದು ಎಂಬ ಹೆಸರನ್ನು 1983ರಲ್ಲಿ ಕೊಟ್ಟವರು ನಾರ್ವೆಯ ನರರೋಗತಜ್ಞ ಓಟ್ಟರ್ ಶೋಸ್ತಾದ್ ಮತ್ತು ಅವರ ಸಂಗಡಿಗರು. ಕತ್ತಿಗೂ ತಲೆನೋವಿಗೂ ನಂಟಿದೆಯೆಂಬ ಊಹೆ ಅದಕ್ಕೂ ಹಿಂದಿನದು; ಆದರೆ ಲಕ್ಷಣಗಳನ್ನು ಕ್ರಮವಾಗಿ ಗುರುತಿಸಿ ಬೇರೊಂದು ರೋಗವೆಂದು ಮಂಡಿಸಿದ್ದು ಆಗಲೇ. ಬಹುಕಾಲ ಇದನ್ನು ಒಪ್ಪದ ವೈದ್ಯರೂ ಇದ್ದರು. ಈಗ ಅಂತಾರಾಷ್ಟ್ರೀಯ ತಲೆನೋವು ಸಂಘದ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನವಿದೆ.

ಲಕ್ಷಣಗಳಲ್ಲಿ ಮುಖ್ಯವಾದದ್ದು ನೋವಿನ ಮಗ್ಗುಲು. ಸಾಮಾನ್ಯವಾಗಿ ಅದು ಒಂದೇ ಪಕ್ಕದಲ್ಲಿದ್ದು, ಪ್ರತಿ ಸಲವೂ ಅದೇ ಪಕ್ಕದಲ್ಲಿ ಬರುತ್ತದೆ. ಹೆಡಕಿನಿಂದ ಪ್ರಾರಂಭವಾಗಿ ಮುಂದಕ್ಕೆ ಹರಿಯುತ್ತದೆ. ಕತ್ತನ್ನು ಒಂದು ಭಂಗಿಯಲ್ಲಿ ಬಹಳ ಹೊತ್ತು ಇರಿಸಿದಾಗ, ಅಥವಾ ಒಂದು ನಿರ್ದಿಷ್ಟ ಬಗೆಯಲ್ಲಿ ತಿರುಗಿಸಿದಾಗ ಕೆರಳುತ್ತದೆ. ಕತ್ತಿನ ಚಲನೆ ಕುಗ್ಗಿರುತ್ತದೆ. ಅರೆತಲೆನೋವೆಂದು ಕರೆಯುವ ಮೈಗ್ರೇನಿನಲ್ಲಿ ನೋವು ಪಕ್ಕ ಬದಲಾಯಿಸಬಹುದು, ನಾಡಿ ಮಿಡಿದಂತೆ ಸಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕೂ ಸದ್ದೂ ಸಹಿಸಲಾಗದಂತಾಗುತ್ತವೆ, ಕತ್ತಲೆಯ ಕೋಣೆಯಲ್ಲಿ ಮಲಗಿದರೆ ಹಾಯೆನಿಸುತ್ತದೆ. ಒತ್ತಡದ ತಲೆನೋವೆಂಬುದು ಬಿಗಿಯಾಗಿ ಪೇಟ ಸುತ್ತಿದಂತೆ ಎರಡೂ ಪಕ್ಕಗಳನ್ನು ಅಮುಕುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕತ್ತು ನೋಯುತ್ತಿದೆ ಎಂದ ಮಾತ್ರಕ್ಕೆ ತಲೆನೋವು ಕತ್ತಿನಿಂದಲೇ ಬಂತೆಂದು ತೀರ್ಮಾನಿಸಲಾಗದು. ಮೈಗ್ರೇನ್ ಇರುವ ಅನೇಕರಿಗೆ ತಲೆನೋವಿನ ಮುಂಚೆಯೂ ಅದರೊಡನೆಯೂ ಕತ್ತು ಬಿಗಿಯುತ್ತದೆ. ಎರಡು ನರಗಳು ಕೂಡುವ ಆ ತಾಣದಲ್ಲಿ ಸುದ್ದಿಯ ಗೊಂದಲ ಎರಡೂ ದಿಕ್ಕಿನಲ್ಲಿ ಆಗಬಹುದು. ತಲೆಯ ನೋವು ಕತ್ತಿನಲ್ಲಿಯೂ ತೋರಬಹುದು. ಅಂತಹವರು ಕತ್ತಿಗೆಂದು ತಿಂಗಳುಗಟ್ಟಲೆ ಉಪಚಾರ ಪಡೆದರೂ ಮೈಗ್ರೇನ್ ನಿಲ್ಲುವುದಿಲ್ಲ. ಅದಕ್ಕೆ ಔಷಧಗಳು ಬೇರೆ. ಎಕ್ಸ್‌ರೇ ಚಿತ್ರವನ್ನು ತೋರಿಸಿ ‘ಸ್ಪಾಂಡಿಲೈಟಿಸ್ ಇದೆ’ ಎಂದುಬಿಡುವುದೂ ನಿರ್ಣಯವಾಗಲಾರದು. ನಡುವಯಸ್ಸು ದಾಟಿದವರ ಕತ್ತಿನ ಮೂಳೆಗಳಲ್ಲಿ ಸವೆತ ಕಾಣುವುದು ತಲೆಗೂದಲು ನರೆತಷ್ಟೇ ಸಹಜ. ಯಾವ ನೋವೂ ಇಲ್ಲದವರ ಚಿತ್ರದಲ್ಲಿಯೂ ಅದು ಕಾಣುತ್ತದೆ. ಅನುಮಾನ ಉಳಿದಲ್ಲಿ ತಜ್ಞವೈದ್ಯರು ಸಂಶಯದ ಕೀಲಿನ ನರಕ್ಕೆ ಮರವಳಿಕೆಯ ಔಷಧವನ್ನು ಚುಚ್ಚಿ, ತಲೆನೋವು ಮಾಯವಾಗುವುದೇ ಎಂದು ಪರೀಕ್ಷಿಸುತ್ತಾರೆ. ಹೆಚ್ಚಿನವರ ವಿಷಯದಲ್ಲಿ ಅಲ್ಲಿಯವರೆಗೆ ಹೋಗುವ ಪ್ರಮೇಯ ಬರುವುದಿಲ್ಲ. ಕೈಯಿಂದ ಮಾಡುವ ಪರೀಕ್ಷೆಗಳೇ ಬಹಳಷ್ಟನ್ನು ತಿಳಿಸುತ್ತವೆ.

ಭೌತಚಿಕಿತ್ಸಕರು ಮಾಡುವ ಒಂದು ಪರೀಕ್ಷೆ ಸರಳವಾಗಿದ್ದರೂ ಚತುರವಾದದ್ದು. ರೋಗಿಯನ್ನು ಅಂಗಾತ ಮಲಗಿಸಿ, ಗಲ್ಲ ಎದೆಗೆ ತಾಗುವಂತೆ ಕತ್ತನ್ನು ಪೂರ್ತಿ ಬಗ್ಗಿಸಿ, ಆ ಸ್ಥಿತಿಯಲ್ಲಿಯೇ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾರೆ. ಹೀಗೆ ಬಗ್ಗಿಸಿದಾಗ ಕತ್ತಿನ ಕೆಳಗಣ ಕೀಲುಗಳು ಬಿಗಿದುಕೊಳ್ಳುತ್ತವೆ. ತಿರುಗುವ ಕೆಲಸ ಬಹುತೇಕ ಅಟ್ಲಸ್ ಮತ್ತು ಆಕ್ಸಿಸ್‌ಗಳ ನಡುವಿನ ಕೀಲಿಗೆ ಉಳಿಯುತ್ತದೆ. ಆರೋಗ್ಯವಂತರಲ್ಲಿ ತಲೆ ಪ್ರತಿ ಪಕ್ಕಕ್ಕೆ ಸುಮಾರು 44 ಡಿಗ್ರಿ ತಿರುಗುತ್ತದೆ. ಒಂದು ಪಕ್ಕಕ್ಕೆ ಹತ್ತು ಡಿಗ್ರಿಗಿಂತ ಹೆಚ್ಚು ಕೊರತೆಯಿದ್ದು, ಜೊತೆಗೆ ರೋಗಿಗೆ ಚಿರಪರಿಚಿತವಾದ ಆ ನೋವೇ ತಲೆಯೆತ್ತಿದರೆ ಮೂಲದ ಸುಳಿವು ಸಿಕ್ಕಿತು. ಬೆರಳಿನಿಂದ ಒಂದೊಂದು ಕೀಲನ್ನೂ ಮೆಲ್ಲಗೆ ಒತ್ತಿ ನೋಡುವುದು ಇನ್ನೊಂದು ಪರೀಕ್ಷೆ. ಒತ್ತಿದ್ದು ಹೆಡಕಿನಲ್ಲಿ, ನೋವು ಕಂಡದ್ದು ಹುಬ್ಬಿನಲ್ಲಿ ಎಂದಾದಾಗ ರೋಗಿಯೇ ಅಚ್ಚರಿಪಡುತ್ತಾರೆ.

ಮೂರನೆಯದು ಸ್ನಾಯುಗಳ ಪರೀಕ್ಷೆ. ಕತ್ತಿನ ಮುಂಭಾಗದ ಆಳದಲ್ಲಿ, ಅನ್ನನಾಳದ ಹಿಂದೆ, ಮೂಳೆಮಣಿಗಳಿಗೆ ಅಂಟಿಕೊಂಡಂತೆ ಕೆಲವು ಸಣ್ಣ ಸ್ನಾಯುಗಳಿವೆ. ತಲೆಯನ್ನು ದಿನವಿಡೀ ನೆಟ್ಟಗೆ ಹಿಡಿದು ನಿಲ್ಲಿಸುವ ಹೊಣೆ ಅವುಗಳದ್ದು. ನೋವಿರುವವರಲ್ಲಿ ಇವು ಸೋಮಾರಿಗಳಾಗುತ್ತವೆ. ಅವುಗಳ ಕೆಲಸವನ್ನು ಹೊರಗಿನ ದೊಡ್ಡ ಸ್ನಾಯುಗಳು ವಹಿಸಿಕೊಂಡು ದಣಿಯುತ್ತವೆ. ಇದನ್ನು ಅಳೆಯಲು ಮಲಗಿದವರ ಕತ್ತಿನ ಕೆಳಗೆ ಗಾಳಿ ತುಂಬಿದ ಸಣ್ಣ ಚೀಲವನ್ನಿಟ್ಟು, ಅದರ ಒತ್ತಡವನ್ನು ಪಾದರಸದ 20 ಮಿಲಿಮೀಟರಿಗೆ ನಿಲ್ಲಿಸಿ, ‘ಹೌದು’ ಎನ್ನುವಂತೆ ಮೆಲ್ಲಗೆ ತಲೆಯಾಡಿಸಲು ಹೇಳುತ್ತಾರೆ. ಸೂಜಿ ಎರಡೆರಡೇ ಅಂಕಗಳಷ್ಟು ಏರುತ್ತ 30ರವರೆಗೆ ಹೋಗಬೇಕು. ಪ್ರತಿ ಮೆಟ್ಟಿಲಿನಲ್ಲಿ ಹತ್ತು ಸೆಕೆಂಡು ಅಲುಗದೆ ನಿಲ್ಲಬೇಕು. ಓದಲು ಸುಲಭವೆನಿಸುವ ಈ ಪರೀಕ್ಷೆಯಲ್ಲಿ ನೋವಿರುವ ಹಲವರು ಎರಡನೆಯ ಮೆಟ್ಟಿಲಿನಲ್ಲಿಯೇ ನಡುಗುತ್ತಾರೆ.

ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ. ಒಂದು, ಚಿಕಿತ್ಸಕರ ಕೈ ಮಾಡುವ ಕೆಲಸ. ಬಿಗಿದ ಕೀಲನ್ನು ನಿಧಾನವಾಗಿ, ಲಯಬದ್ಧವಾಗಿ, ನೋವು ಹೆಚ್ಚದ ಮಿತಿಯಲ್ಲಿ ಅಲುಗಾಡಿಸಿ ಸಡಿಲಿಸುವುದು. ಆಸ್ಟ್ರೇಲಿಯದ ಜೆಫ್ರಿ ಮೇಟ್ಲಂಡ್ ಮತ್ತು ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಎಂಬ ಭೌತಚಿಕಿತ್ಸಕರು ಇದಕ್ಕೆ ತಮ್ಮ ತಮ್ಮ ಕ್ರಮಗಳನ್ನು ರೂಪಿಸಿದರು. ನಮ್ಮ ದೇಶದ ಭೌತಚಿಕಿತ್ಸಾ ಕಾಲೇಜುಗಳಲ್ಲಿಯೂ ಇವು ಪರಿಚಿತ. ಇನ್ನೊಂದು, ರೋಗಿಯೇ ಮಾಡಬೇಕಾದ ವ್ಯಾಯಾಮ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಆಸ್ಟ್ರೇಲಿಯದ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರವನ್ನು ಹುಡುಕಿತು. ಈ ಬಗೆಯ ತಲೆನೋವಿದ್ದ 200 ಜನರನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೈಚಿಕಿತ್ಸೆ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಎರಡನ್ನೂ ಆರು ವಾರ ಕೊಟ್ಟರು. ನಾಲ್ಕನೆಯ ಗುಂಪಿಗೆ ಇವಾವುದನ್ನೂ ಕೊಡಲಿಲ್ಲ. ವರ್ಷದ ನಂತರ ನೋಡಿದಾಗಲೂ ಚಿಕಿತ್ಸೆ ಪಡೆದವರಲ್ಲಿ ನೋವು ಬರುವ ಸಲಗಳೂ ಅದರ ತೀವ್ರತೆಯೂ ಇಳಿದೇ ಇದ್ದವು. ಕೈಚಿಕಿತ್ಸೆ ಮತ್ತು ವ್ಯಾಯಾಮ ಎರಡೂ ಫಲ ಕೊಟ್ಟವು. ಎರಡನ್ನೂ ಕೂಡಿಸಿದವರಲ್ಲಿ ಗುಣ ಕಂಡವರ ಪ್ರಮಾಣ ಇನ್ನು ಸ್ವಲ್ಪವೇ ಹೆಚ್ಚು. ಚಿಕಿತ್ಸಾಲಯ ದೂರವಿರುವ ಊರಿನ ಶಿಕ್ಷಕರಿಗೆ ಈ ಫಲಿತಾಂಶದಲ್ಲಿ ಸಮಾಧಾನದ ಸಂಗತಿಯೊಂದಿದೆ. ನಿತ್ಯವೂ ಬಸ್ಸು ಹತ್ತಿ ಹೋಗಿ ಕೈಚಿಕಿತ್ಸೆ ಪಡೆಯಲಾಗದಿದ್ದರೂ, ಸರಿಯಾಗಿ ಕಲಿತ ವ್ಯಾಯಾಮವನ್ನು ಮನೆಯಲ್ಲಿ ಬಿಡದೆ ಮಾಡಿದರೆ ದೊಡ್ಡ ನಷ್ಟವಿಲ್ಲ.

ಆ ವ್ಯಾಯಾಮ ಯಾವುದು? ಕತ್ತನ್ನು ಗಿರಗಿರನೆ ತಿರುಗಿಸುವ ಕವಾಯತು ಖಂಡಿತ ಅಲ್ಲ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯ ಕೆಳಗೆ ಮಡಿಸಿದ ತೆಳುವಾದ ಟವೆಲನ್ನು ಮಾತ್ರ ಇಡಬೇಕು. ತಲೆಯನ್ನು ನೆಲದಿಂದ ಎತ್ತದೆ, ಗಲ್ಲವನ್ನು ಗಂಟಲಿನ ಕಡೆಗೆ ಮೆಲ್ಲಗೆ ತರಬೇಕು. ಹೆಡತಲೆ ನೆಲದ ಮೇಲೆ ತುಸು ಮೇಲಕ್ಕೆ ಜಾರಿದಂತೆ ಅನಿಸುತ್ತದೆ. ಎರಡು ಬೆರಳುಗಳನ್ನು ಕತ್ತಿನ ಪಕ್ಕದ ಸ್ನಾಯುವಿನ ಮೇಲಿಟ್ಟರೆ ಅದು ಮೆತ್ತಗೆಯೇ ಉಳಿದಿರಬೇಕು. ಹಗ್ಗದಂತೆ ಸೆಟೆದರೆ ಬಲ ಹೆಚ್ಚಾಯಿತೆಂದು ಅರ್ಥ. ಉಸಿರು ಬಿಗಿಹಿಡಿಯದೆ ಹತ್ತು ಸೆಕೆಂಡು ಹಾಗೆಯೇ ನಿಲ್ಲಿಸಿ ಸಡಿಲಿಸಬೇಕು, ಹತ್ತು ಸಲ, ದಿನಕ್ಕೆರಡು ಹೊತ್ತು. ಮೊದಲ ವಾರ ನಾಲ್ಕು ಸೆಕೆಂಡು, ಐದು ಸಲ ಮಾತ್ರ ಆದರೂ ಅದು ಸೋಲಲ್ಲ. ಇದರೊಡನೆ, ಹೆಗಲಿನ ಹಿಂದಣ ಅಗಲವಾದ ಮೂಳೆಗಳನ್ನು ಬೆನ್ನಿನ ಕಡೆಗೆ ತುಸು ಕೆಳಕ್ಕೆಳೆದು ಹಿಡಿಯುವ ಅಭ್ಯಾಸವೂ ಸೇರಿರುತ್ತದೆ. ನೋವು ಕೆರಳಿದರೆ ನಿಲ್ಲಿಸಿ ಚಿಕಿತ್ಸಕರನ್ನು ಕೇಳಬೇಕು. ಪುಸ್ತಕದಲ್ಲಿ ಓದಿದ್ದನ್ನು ಮಾಡುವುದಕ್ಕಿಂತ ಒಮ್ಮೆಯಾದರೂ ಅವರ ಮುಂದೆ ಮಾಡಿ ತಿದ್ದಿಸಿಕೊಳ್ಳುವುದು ಲೇಸು. ಅಕ್ಷರ ತಿದ್ದಿಸಿದ ಅನುಭವವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನ ಕೀಲು ಬಿಗಿದಿದೆಯೆಂದು ಪರೀಕ್ಷೆಯಲ್ಲಿ ಖಚಿತವಾದವರಿಗೆ ಮಲ್ಲಿಗನ್ ಕ್ರಮದ ಇನ್ನೊಂದು ಸ್ವಚಿಕಿತ್ಸೆಯಿದೆ. ಅಟ್ಲಸ್ ಮಣಿಯ ಮಟ್ಟದಲ್ಲಿ ಹೆಡಕಿನ ಸುತ್ತ ಒಂದು ಪಟ್ಟಿಯನ್ನು ಹಾಕಿ, ಅದನ್ನು ಮುಂದಕ್ಕೆ ಅಡ್ಡಲಾಗಿ ಎಳೆಯುತ್ತ ತಲೆಯನ್ನು ಬಿಗಿದ ಪಕ್ಕಕ್ಕೆ ತಿರುಗಿಸುವುದು ಅದರ ಸಾರ. 2007ರಲ್ಲಿ 32 ಜನರ ಮೇಲೆ ನಡೆದ ಸಣ್ಣ ಅಧ್ಯಯನವೊಂದರಲ್ಲಿ ಇದು ನಾಲ್ಕು ವಾರಗಳಲ್ಲಿಯೂ ವರ್ಷದ ನಂತರವೂ ಉಪಯುಕ್ತವೆಂದು ಕಂಡಿತು. ಪಟ್ಟಿ ಒಂದು ಬೆರಳು ಮೇಲೆ ಕೆಳಗಾದರೂ ಉದ್ದೇಶ ಕೆಡುವುದರಿಂದ ಇದನ್ನು ಚಿತ್ರ ನೋಡಿ ಕಲಿಯತಕ್ಕದ್ದಲ್ಲ.

ಬಿಸಿನೀರಿನ ಚೀಲ, ಎಣ್ಣೆಯ ನೀವಿಕೆ ಇವುಗಳಿಂದ ಹಾಯೆನಿಸುತ್ತದೆ, ಅದನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಅವು ಆ ಸಂಜೆಯ ಉಪಕಾರಗಳು. ವೈದ್ಯರು ಹೇಳದೆ ಕತ್ತುಪಟ್ಟಿಯನ್ನು ವಾರಗಟ್ಟಲೆ ಧರಿಸಿದರೆ ಮೊದಲೇ ಸೋಮಾರಿಗಳಾದ ಸ್ನಾಯುಗಳಿಗೆ ರಜೆ ಕೊಟ್ಟಂತಾಗುತ್ತದೆ.

ಕುಳಿತುಕೊಳ್ಳುವ ಭಂಗಿಯ ವಿಷಯದಲ್ಲಿ ಉಪದೇಶಗಳು ಅತಿಯಾಗಿವೆ. ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋಗ್ರಾಂ ಭಾರ ಬೀಳುತ್ತದೆ ಎಂಬ ಚಿತ್ರವನ್ನು ಮೊಬೈಲಿನಲ್ಲಿ ಅನೇಕರು ನೋಡಿರಬಹುದು. ಅದು 2014ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ. ಜೀವಂತ ಮನುಷ್ಯರ ಕತ್ತಿನಲ್ಲಿ ಅಳೆದ ಸಂಖ್ಯೆಯಲ್ಲ. ತಲೆಯ ತೂಕ ನಾಲ್ಕೂವರೆ ಐದು ಕಿಲೋಗ್ರಾಂ, ಬಗ್ಗಿದಷ್ಟೂ ಹಿಂದಣ ಸ್ನಾಯುಗಳಿಗೆ ದುಡಿಮೆ ಹೆಚ್ಚು ಎಂಬಷ್ಟು ನಿಜ. ಆದರೆ ತಲೆ ಮುಂದಕ್ಕೆ ಚಾಚಿದವರಿಗೆಲ್ಲ ತಲೆನೋವು ಬರುವುದಿಲ್ಲ. ನೆಟ್ಟಗೆ ಕುಳಿತವರಿಗೆ ಬರಬಾರದೆಂದೂ ಇಲ್ಲ. ಒಂದೇ ಭಂಗಿಯಲ್ಲಿ ಬಹುಹೊತ್ತು ಉಳಿಯುವುದೇ ಹೆಚ್ಚಿನ ತೊಂದರೆ. ಆದ್ದರಿಂದ ಉತ್ತರಪತ್ರಿಕೆಗಳನ್ನು ಮಡಿಲಿನಲ್ಲಿಯೋ ಚಾಪೆಯ ಮೇಲೆಯೋ ಇಟ್ಟು ತಿದ್ದುವ ಬದಲು ಮೇಜಿನ ಮೇಲೆ, ಎರಡು ದಪ್ಪ ಪುಸ್ತಕಗಳನ್ನು ಕೆಳಗಿಟ್ಟು ಇಳಿಜಾರು ಮಾಡಿದ ಹಲಗೆಯ ಮೇಲೆ ತಿದ್ದಬಹುದು. ಹತ್ತು ಪತ್ರಿಕೆ ಮುಗಿದೊಡನೆ ಎದ್ದು ಅಂಕಗಳನ್ನು ನಿಂತು ನಮೂದಿಸಬಹುದು. ಹಲಗೆಯ ಮೇಲ್ತುದಿಯಲ್ಲಿ ಬರೆಯುವುದು ಅನಿವಾರ್ಯವಾದರೆ ಗಲ್ಲವೆತ್ತಿ ಹಿಗ್ಗುವುದಕ್ಕಿಂತ ಮೆಟ್ಟಿಲೊಂದನ್ನು ಬಳಸಬಹುದು. ಹಿಂದಿರುಗಿ ಮಕ್ಕಳನ್ನು ನೋಡುವಾಗ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ತಿರುಗುವುದನ್ನು ರೂಢಿಸಿಕೊಂಡರೆ ಯಾವ ಪಕ್ಕ ಬಿಗಿದಿದೆಯೆಂಬುದೂ ತಾನಾಗಿ ತಿಳಿಯುತ್ತದೆ.

ಮಾಡಬಾರದ ಒಂದನ್ನು ಒತ್ತಿ ಹೇಳಬೇಕು. ಕ್ಷೌರದ ಅಂಗಡಿಯಲ್ಲಿ ತಲೆಗೆ ಎಣ್ಣೆ ತಟ್ಟಿದ ನಂತರ ಗಲ್ಲ ಹಿಡಿದು ಫಟ್ಟನೆ ತಿರುಗಿಸಿ ಕತ್ತಿನ ನೆಟಿಗೆ ತೆಗೆಯುವ ರೂಢಿಯಿದೆ. ಸದ್ದು ಕೇಳಿದೊಡನೆ ಹಗುರವಾದಂತೆ ಅನಿಸುತ್ತದೆ. ಕತ್ತಿನ ಮಣಿಗಳ ರಂಧ್ರಗಳಲ್ಲಿ ಹಾದು ಮಿದುಳಿಗೆ ಹೋಗುವ ಎರಡು ರಕ್ತನಾಳಗಳಿವೆ. ಇಂತಹ ಹಠಾತ್ ತಿರುವಿನಿಂದ ಅವುಗಳ ಒಳಪದರ ಹರಿದು ಪಾರ್ಶ್ವವಾಯು ತಗಲಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅವು ವಿರಳ, ಆದರೆ ಆದ ಹಾನಿ ಮರಳಿ ಸರಿಹೋಗದಂತಹುದು. ಇನ್ನೂ ಕಠಿಣವಾದ ಸಂಗತಿಯೆಂದರೆ, ರಕ್ತನಾಳ ತಾನಾಗಿ ಹರಿಯತೊಡಗಿದಾಗಲೂ ಮೊದಲ ಲಕ್ಷಣ ಕತ್ತುನೋವು ಮತ್ತು ತಲೆನೋವುಗಳೇ ಆಗಿರಬಹುದು. ಆದುದರಿಂದ ಹಿಂದೆಂದೂ ಕಾಣದ ಬಗೆಯ ನೋವು ಬಂದಾಗ ಯಾರ ಕೈಗೂ ಕತ್ತನ್ನು ಕೊಡದೆ ಮೊದಲು ವೈದ್ಯರನ್ನು ಕಾಣಬೇಕು. ಸಿಡಿಲೆರಗಿದಂತೆ ಕ್ಷಣದಲ್ಲಿ ತುತ್ತತುದಿಗೇರಿದ ನೋವು, ಜ್ವರದೊಡನೆ ಕತ್ತು ಸೆಟೆದುಕೊಳ್ಳುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಬಿದ್ದು ಪೆಟ್ಟಾದ ನಂತರದ ನೋವು, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು: ಇವಾವುವೂ ಭೌತಚಿಕಿತ್ಸೆಯ ಸರದಿಯಲ್ಲಿ ಕಾಯತಕ್ಕವಲ್ಲ.

ಮಾತ್ರೆಗಳ ವಿಷಯವೂ ಸಣ್ಣದಲ್ಲ. ಸಾಮಾನ್ಯ ನೋವುಶಾಮಕಗಳನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಎರಡು ಮೂರು ಔಷಧಗಳು ಬೆರೆತ ಮಾತ್ರೆಗಳನ್ನು 10 ಅಥವಾ ಹೆಚ್ಚು ದಿನ, ಹೀಗೆ ಮೂರು ತಿಂಗಳಿಗೂ ಮೀರಿ ನುಂಗುತ್ತಿದ್ದರೆ ಆ ಮಾತ್ರೆಗಳೇ ಹೊಸದೊಂದು ತಲೆನೋವಿಗೆ ಕಾರಣವಾಗಬಹುದು. ಅಂತಹ ನೋವಿಗೆ ಕತ್ತಿನ ವ್ಯಾಯಾಮ ಉತ್ತರವಲ್ಲ. ವೈದ್ಯರ ಮಾರ್ಗದರ್ಶನದಲ್ಲಿ ಮಾತ್ರೆಯನ್ನು ಬಿಡಬೇಕಾಗುತ್ತದೆ.

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಇನ್ನೊಂದು ತೊಡಕಿದೆ. ಈ ರೋಗದ ನಿರ್ಣಯ ಬಹುಮಟ್ಟಿಗೆ ರೋಗಿಯ ಬಾಯಿಮಾತನ್ನು ಅವಲಂಬಿಸಿದೆ. ಚಿಕಿತ್ಸಕರ ಮಾತು ಅನೇಕ ಕಡೆ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು. ಅಂಗದ ಹೆಸರು ಹೇಳುವುದು ಕಷ್ಟವಲ್ಲ. ನಮ್ಮ ಕತ್ತು ತಮಿಳಿನ ‘ಕಳುತ್ತು’ವಿನ ಒಡಹುಟ್ಟು, ತೆಲುಗಿನಲ್ಲಿ ಅದು ‘ಮೆಡ’, ಮರಾಠಿಯ ‘ಮಾನ’ ಕನ್ನಡದ ಕಿವಿಗೆ ಗೌರವವೆಂದು ಕೇಳಿಸಿದರೂ ಎರಡನೆಯ ಸಲ ಮೋಸಮಾಡುವುದಿಲ್ಲ. ಕಷ್ಟವಿರುವುದು ನೋವಿನ ಬಗೆಯನ್ನು ಹೇಳುವಲ್ಲಿ. ಸಿಡಿತ, ಸೆಳೆತ, ಹಿಡಿತ, ಭಾರ, ಚುಚ್ಚು ಎಂದು ಕನ್ನಡದಲ್ಲಿ ಬೇರೆ ಬೇರೆಯಾಗಿ ತಿಳಿದದ್ದು ಇನ್ನೊಂದು ಭಾಷೆಗೆ ಹೋಗುವಾಗ ‘ತಲೆನೋವು’ ಎಂಬ ಒಂದೇ ಪದವಾಗಿ ಉಳಿಯುತ್ತದೆ. ಹಾಗಾಗಿ ಹೋಗುವ ಮುನ್ನ ಎರಡು ವಾರ ಒಂದು ಟಿಪ್ಪಣಿ ಇಡುವುದು ಲಾಭಕರ. ತಲೆಯ ಮುಂದಣ, ಹಿಂದಣ ಮತ್ತು ಎರಡು ಪಕ್ಕಗಳ ರೇಖಾಚಿತ್ರ ಬರೆದು, ನೋವು ಮೊದಲು ಹುಟ್ಟಿದ ಜಾಗಕ್ಕೆ ಒಂದು ಚುಕ್ಕೆ, ಅದು ಹೋದ ದಾರಿಗೆ ಬಾಣದ ಗುರುತು ಹಾಕಬೇಕು. ಆ ದಿನ ಎಷ್ಟು ಹೊತ್ತು ತಿದ್ದಿದ್ದು, ಎಷ್ಟು ಹೊತ್ತು ಬರೆದದ್ದು, ವಾಕರಿಕೆ ಇತ್ತೇ, ಬೆಳಕು ಬೇಡವೆನಿಸಿತೇ, ಯಾವ ಪಕ್ಕಕ್ಕೆ ತಿರುಗಿದಾಗ ಕೆರಳಿತು, ಎಷ್ಟು ಗಂಟೆ ಇತ್ತು ಎಂಬುದನ್ನು ಸಂಖ್ಯೆಗಳಲ್ಲಿಯೂ ಹೌದು ಅಲ್ಲಗಳಲ್ಲಿಯೂ ಬರೆದಿಡಬೇಕು. ಆ ಹಾಳೆಯ ಕೊನೆಯ ಸಾಲು ನುಂಗಿದ ಮಾತ್ರೆಗಳ ಹೆಸರು ಮತ್ತು ಎಣಿಕೆಗೆ ಮೀಸಲು. ಮಾತ್ರೆಗಳ ಖಾಲಿ ಪಟ್ಟಿಗಳನ್ನೇ ಹಾಳೆಗೆ ಅಂಟಿಸಿಕೊಂಡು ಹೋದರೂ ಸಾಕು. ಅದನ್ನು ಯಾವ ಭಾಷೆಯವರೂ ಓದಬಲ್ಲರು.